ಸೀಮೆಎಣ್ಣೆ ವಾಸನೆಯ ರೀಸ್ಲಿಂಗ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಮೊದಲ ಡ್ರಾಫ್ಟಿನಲ್ಲಿ ಜರ್ಮನಿಯ ಒಂದು ನದಿಯಿಂದ ಶುರು ಮಾಡಿದ್ದೆ. ಮೊಸೆಲ್ ಅಂತ ಅದರ ಹೆಸರು. ಎರಡೂ ದಂಡೆಗೆ ಗೋಡೆಯಷ್ಟು ಕಡಿದಾದ ಗುಡ್ಡ, ಗುಡ್ಡದ ತುಂಬ ಕಪ್ಪು ಪದರುಗಲ್ಲು, ಕಲ್ಲಿನ ಸಂದಿಯಲ್ಲಿ ದ್ರಾಕ್ಷಿ ಬಳ್ಳಿ, ಎಲ್ಲದರ ಮೇಲೆ ಚಳಿ. ಎರಡು ಪುಟ ಬರೆದು ಗಟ್ಟಿಯಾಗಿ ಓದಿಕೊಂಡೆ. ಚೆನ್ನಾಗಿಯೇ ಇತ್ತು. ತೊಂದರೆ ಏನೆಂದರೆ, ನಾನು ಕಂಡ ಅತಿ ಚಳಿಯ ಜಾಗ ಊಟಿ, ಅದೂ ಮೇ ತಿಂಗಳಲ್ಲಿ.

ಆ ಎರಡು ಪುಟಗಳನ್ನು ಶಿವರಂಜನಿಗೆ ತೋರಿಸಿದೆ. ಶಿವರಂಜನಿ ಈ ಕಥೆಯ ನಾಯಕಿ. ಜೀವಂತ ಇದ್ದಾಳೆ, ನನ್ನ ಕಷ್ಟವೇ ಅದು. ಮದ್ರಾಸಿನ ಕನ್ನಡ ಸಂಘದ ಲೈಬ್ರರಿಯಲ್ಲಿ ಪರಿಚಯವಾದವಳು. ತ್ರಿಪ್ಲಿಕೇನಿನಲ್ಲಿ ನಾನಿರುವ ಲಾಡ್ಜಿನ ಕೆಳಗಿನ ಮೆಸ್ಸಿಗೆ ಬಂದು, ಕಾಫಿ ಕುಡಿಯುತ್ತಾ, ತನ್ನ ಮೇಲೆ ಬರೆದ ಕಥೆಯನ್ನು ತಾನೇ ಓದುತ್ತಾಳೆ. ಹಳೆಯ ಕಾಲದ ಲೇಖಕರಿಗೆ ಈ ಗತಿ ಇರಲಿಲ್ಲ.

“ನೀವು ಅಲ್ಲಿ ಹೋಗೀರೇನು ಸರ್?” ಅಂದಳು.

“ಇಲ್ಲ.”

“ನಾನೂ ಹೋಗಿಲ್ಲ. ಮತ್ತ ಯಾಕ ಬರದ್ರಿ?”

“ವೈನಿನ ಕಥೆ ಅಲ್ವಾ. ಅದು ಹುಟ್ಟಿದ ಜಾಗದಿಂದ...”

“ಕಥಿ ನಂದು. ನಾ ಹುಟ್ಟಿದ ಜಾಗದಿಂದ ಶುರು ಮಾಡ್ರಿ.”

ಎರಡೂ ಪುಟಗಳನ್ನು ಮಡಚಿ ಬಿಸಿ ಕಾಫಿ ಲೋಟದ ಕೆಳಗಿಟ್ಟಳು. ಅಲ್ಲಿಗೆ ಜರ್ಮನಿ ಮುಗಿಯಿತು.

೧ (ಇನ್ನೊಂದು ಸಲ)

ಶಿವರಂಜನಿ ನಿಂಬೆಹಣ್ಣಿನ ವಾಸನೆಯಲ್ಲಿ ಬೆಳೆದವಳು. ಅಪ್ಪ ಕೊಟ್ರಪ್ಪನವರು ಕೊಟ್ಟೂರಿನ ಕಡೆಯವರು. ಇಪ್ಪತ್ತೆರಡನೆಯ ವಯಸ್ಸಿಗೆ ಮದ್ರಾಸಿಗೆ ಬಂದು ಕೊತ್ತವಾಲ್ ಚಾವಡಿ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಮಂಡಿ ಇಟ್ಟರು. ಬಿಜಾಪುರದ ಕಡೆಯಿಂದ ಲಾರಿಯಲ್ಲಿ ಮೂಟೆ ಬರುತ್ತಿತ್ತು. ತೊಂಬತ್ತಾರರಲ್ಲಿ ಮಾರುಕಟ್ಟೆಯೇ ಎದ್ದು ಕೋಯಂಬೇಡಿಗೆ ಹೋದಾಗ ಅವರೂ ಹೋದರು. ಮನೆಯನ್ನೂ ಅಲ್ಲೇ ಹತ್ತಿರ ಅರುಂಬಾಕ್ಕಕ್ಕೆ ಬದಲಾಯಿಸಿದರು.

ಮೂಟೆಯೊಳಗೆ ಒಂದು ಹಣ್ಣು ಕೊಳೆತಿದ್ದರೆ ಹೊರಗಿನಿಂದ ಕಾಣುವುದಿಲ್ಲ. ನಾಲ್ಕು ದಿನ ಬಿಟ್ಟರೆ ಅದು ಸುತ್ತಲಿನ ನಲವತ್ತನ್ನು ಕೆಡಿಸುತ್ತದೆ. ಶಿವರಂಜನಿ ಏಳು ವರ್ಷದವಳಿದ್ದಾಗ ಒಂದು ಭಾನುವಾರ ಅಪ್ಪನ ಜೊತೆ ಮಂಡಿಗೆ ಹೋದವಳು, ಸಾಲಾಗಿ ನಿಂತ ಮೂಟೆಗಳ ನಡುವೆ ನಡೆಯುತ್ತಾ ಒಂದರ ಮುಂದೆ ನಿಂತು ಮೂಗು ಮುಚ್ಚಿಕೊಂಡಳಂತೆ. ಬಿಚ್ಚಿ ನೋಡಿದರೆ ತಳದಲ್ಲಿ ಬೂಷ್ಟು ಹಿಡಿದ ಒಂದೇ ಒಂದು ಹಣ್ಣು. ಅವತ್ತಿನಿಂದ ಲಾರಿ ಬಂದ ಭಾನುವಾರಗಳಲ್ಲೆಲ್ಲ ಕೊಟ್ರಪ್ಪನವರು ಮಗಳನ್ನು ಭುಜದ ಮೇಲೆ ಕೂರಿಸಿಕೊಂಡು ಮಂಡಿ ಸುತ್ತುತ್ತಿದ್ದರು. ಪಕ್ಕದ ಮಂಡಿಯ ತೆಲುಗಿನವರಿಗೆ, ತಮಿಳರಿಗೆ ಎಲ್ಲರಿಗೂ ಹೇಳುತ್ತಿದ್ದರು: “ನಮ್ಮ ರಂಜನಿ ಮೂಗು ಐತಲ್ಲ, ಅದು ದೇವರು ಕೊಟ್ಟದ್ದು.”

(ಇಲ್ಲಿ ನಾನು ‘ಆ ಮೂಗೇ ಮುಂದೆ ಅವಳ ಬಾಳನ್ನು ಬದಲಿಸಿತು’ ಎಂದು ಬರೆದಿದ್ದೆ. ಅವಳು ಹೊಡೆದುಹಾಕಿದಳು. “ಟೀವಿ ಸೀರಿಯಲ್ಲಾ?” ಅಂತ ಪಕ್ಕದಲ್ಲಿ ಬರೆದಿದ್ದಾಳೆ.)

೨

ಅವಳು ಕೇಟರಿಂಗ್ ಓದಿ ನಗರದ ಒಂದು ದೊಡ್ಡ ಹೋಟೆಲಿಗೆ ಸೇರಿದಳು. ಹೋಟೆಲಿನ ಹೆಸರು ಹೇಳುವುದಿಲ್ಲ. ನನಗೆ ವಕೀಲರು ಯಾರೂ ಗೊತ್ತಿಲ್ಲ. ಮೊದಲು ರಿಸೆಪ್ಷನ್, ಆಮೇಲೆ ರೆಸ್ಟೋರೆಂಟ್. ತೊಂಬತ್ತೊಂಬತ್ತರಲ್ಲಿ ಹೋಟೆಲಿನವರು ಅವಳನ್ನು ಆರು ವಾರ ಮುಂಬಯಿಗೆ ಕಳಿಸಿದರು. ಅಲ್ಲಿ ಸಾಲಾಗಿ ಗ್ಲಾಸು ಇಟ್ಟು ಕಲಿಸಿದರು: ಮೂಸು, ಬಾಯಲ್ಲಿ ಇಟ್ಟುಕೋ, ತಿರುಗಿಸು, ಬಕೆಟ್ಟಿಗೆ ಉಗುಳು, ಏನು ಸಿಕ್ಕಿತೋ ಹೇಳು. ಮೂರನೆಯ ದಿನಕ್ಕೆ ಉಳಿದ ಹದಿನಾರು ಜನ ಬರೆಯುವುದನ್ನು ನಿಲ್ಲಿಸಿ ಇವಳ ಕಡೆ ನೋಡತೊಡಗಿದರಂತೆ. (ಇದು ನನ್ನ ಮಾತಲ್ಲ, ಅವಳ ಮಾತು. ನಾಯಕಿಯರಿಗೂ ಸ್ವಲ್ಪ ಜಂಬ ಇರಬಹುದು.)

ಮನೆಗೆ ಬಂದು ಸುಳ್ಳು ಹೇಳಲಿಲ್ಲ. ಊಟಕ್ಕೆ ಕೂತಾಗ ನೇರವಾಗಿ ಹೇಳಿದಳು. “ಅಪ್ಪಾಜಿ, ನನ್ನ ವೈನ್ ವಿಭಾಗಕ್ಕ ಹಾಕ್ಯಾರ.”

ಕೊಟ್ರಪ್ಪನವರ ತುತ್ತು ಕೈಯಲ್ಲೇ ನಿಂತಿತು. “ಕೊರಳಾಗ ಲಿಂಗ ಕಟ್ಟಿಕೊಂಡು ಅದನ್ನ ಮುಟ್ಟತಿಯಾ?”

“ಮುಟ್ಟತೀನಿ. ಕುಡಿಯಂಗಿಲ್ಲ. ಮೂಸತೀನಿ, ಬಾಯಾಗ ಇಟ್ಟು ಉಗುಳತೀನಿ.”

“ಬಾಯಿಗೆ ಇಟ್ಟ ಮ್ಯಾಲ ಉಗುಳಿದ್ರೇನು, ನುಂಗಿದ್ರೇನು?”

“ಬಾಳ ಫರಕ್ ಐತ್ರಿ. ನುಂಗಿದ್ರ ಸಂಜಿಮಟ ನೆಟ್ಟಗ ನಿಂದ್ರಾಕ ಆಗಂಗಿಲ್ಲ.”

ಅವಳು ತಮಾಷೆಗೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಕೊಟ್ರಪ್ಪನವರು ಎದ್ದು ಕೈ ತೊಳೆದುಕೊಂಡರು. ಆಮೇಲೆ ಒಂದೂವರೆ ವರ್ಷ ಅವರು ಮಗಳ ಜೊತೆ ಮಾತಾಡಿದ್ದೆಲ್ಲ ಹೆಂಡತಿಯ ಮೂಲಕ. “ಸುವರ್ಣಾ, ಆಕಿಗೆ ಹೇಳು, ಗೇಟ್ ಹಾಕ್ಕೊಂಡು ಹೋಗಂತ.” ಮಗಳು ಎರಡಡಿ ದೂರದಲ್ಲೇ ನಿಂತಿರುತ್ತಿದ್ದಳು. ಸುವರ್ಣಮ್ಮನವರು ಮೊದಮೊದಲು ನಿಜವಾಗಿಯೂ ಆ ಮಾತನ್ನು ದಾಟಿಸುತ್ತಿದ್ದರು, ಕೊನೆಗೆ ಬೇಸರಗೊಂಡು, “ನಾನೇನು ಪೋಸ್ಟ್ ಡಬ್ಬಿ ಏನ್ರಿ? ಇಬ್ರಿಗೂ ಬಾಯಿಲ್ಲೇನು?” ಎಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಮಂಡಿಗೆ ಮಾತ್ರ ಶಿವರಂಜನಿಯನ್ನು ಕೊಟ್ರಪ್ಪನವರು ಮತ್ತೆ ಕರೆಯಲಿಲ್ಲ. “ಬೈದಿದ್ರ ತಡಕೊಂತಿದ್ದೆ,” ಅಂದಳು ನನ್ನ ಹತ್ತಿರ. “ಭಾನುವಾರ ಲಾರಿ ಬಂದಾಗ ಒಬ್ರ ಹೋಗ್ತಿದ್ರಲ್ಲ, ಅದನ್ನ ತಡಕೊಳ್ಳಾಕ ಆಗಲಿಲ್ಲ.”

೪

(ಮೂರನೆಯ ಭಾಗವನ್ನು ಹರಿದೆ. ಅದರಲ್ಲಿ ನಾನು ವೈನನ್ನು ಸುಂದರಿಗೆ ಹೋಲಿಸಿದ್ದೆ. ನಾಚಿಕೆಯಾಗುತ್ತದೆ.)

ಈಗ ರೀಸ್ಲಿಂಗ್ ವಿಷಯ ಹೇಳಲೇಬೇಕು.

ಎರಡು ಸಾವಿರದ ಒಂದರಲ್ಲಿ ಹೋಟೆಲಿಗೆ ಹನ್ನೆರಡು ಬಾಟಲಿನ ಒಂದು ಪೆಟ್ಟಿಗೆ ಬಂತು. ಮೊಸೆಲ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ವೈನ್, ಎಂಟು ವರ್ಷ ಹಳೆಯದು. ಲೇಬಲ್ಲಿನ ಮೇಲೆ ‘ಟ್ರೋಕನ್’ ಎಂದಿತ್ತು. ಒಣಗಿದ್ದು ಅಂತ ಅರ್ಥ. ಒಣ ವೈನ್ ಅಂದರೆ ಸಿಹಿ ಇಲ್ಲದ್ದು, ಹಣ್ಣಿನ ಸಕ್ಕರೆಯಷ್ಟೂ ಹುಳಿತು ಹೋದದ್ದು. ಚಳಿಯ ಸೀಮೆಯಲ್ಲಿ ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ, ಹಣ್ಣಾದರೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ನಮ್ಮ ಜನಕ್ಕೆ ರೀಸ್ಲಿಂಗ್ ಎಂದರೆ ಸಿಹಿ ಬಿಳಿ ವೈನ್ ಎಂದೇ ಲೆಕ್ಕ. ಹಾಗಾಗಿ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು.

ಶಿವರಂಜನಿ ಒಂದನ್ನು ತೆಗೆದಳು.

“ಏನನಿಸಿತು?” ಎಂದು ಕೇಳಿದೆ. ನೋಟ್‌ಬುಕ್ ಬಿಚ್ಚಿ ಕೂತಿದ್ದೆ. ಕಾವ್ಯವನ್ನು ನಿರೀಕ್ಷಿಸಿದ್ದೆ.

“ಮೊದಲು ನಿಂಬಿಸಿಪ್ಪಿ. ಹಣ್ಣಲ್ಲ ಸರ್, ಸಿಪ್ಪಿ, ಉಗುರಿಲೆ ಗೀರಿದಾಗ ಬರತೈತಲ್ಲ ಅದು. ಆಮ್ಯಾಗ ತೊಳೆದ ಒಳಕಲ್ಲು. ಅದರ ಹಿಂದ ಸೀಮೆಎಣ್ಣಿ.”

“ಸೀಮೆಎಣ್ಣೆಯಾ?”

“ಹೂಂ. ರೀಸ್ಲಿಂಗ್ ವಯಸ್ಸಿಗೆ ಬಂದ್ರ ಆ ವಾಸನಿ ಬರತೈತಿ. ಅದು ಅದರ ಗುಣ. ಮನಿಶ್ಯಾಗ ಕೂದಲು ಬೆಳ್ಳಗ ಆಗಂಗಿಲ್ಲೇನು? ಬಾಯಾಗ ಇಟ್ರ ನಾಲಿಗಿ ಎರಡೂ ಬದಿ ಹಿಡಕೊಂತೈತಿ. ಒಂದು ಹನಿ ಸಿಹಿ ಇಲ್ಲ. ಯಾರನ್ನೂ ಖುಷಿ ಮಾಡಬೇಕಂತ ಅದಕ್ಕಿಲ್ಲ. ನನಗ ಕಣ್ಣಾಗ ನೀರು ಬಂತು.”

“ಹುಳಿಗಾ?”

“ಮತ್ಯಾಕ?” ಅಂದಳು, ಕಿಟಕಿಯ ಕಡೆ ನೋಡುತ್ತಾ.

ಅಡುಗೆಯವರನ್ನು ಒಪ್ಪಿಸಿ, ಹುರಿದ ವಂಜರ ಮೀನಿನ ಜೊತೆ ಆ ವೈನ್ ಕೊಡುವುದೆಂದು ಮೆನುವಿನಲ್ಲಿ ಸೇರಿಸಿದಳು. ತಾನು ಮೀನು ತಿನ್ನುವವಳಲ್ಲ, ವಾಸನೆಯಿಂದಲೇ ಜೋಡಿಸಿದ್ದು. ಮೊದಲ ಎರಡು ವಾರದಲ್ಲಿ, ಅವಳು ರುಚಿ ನೋಡಿದ್ದೂ ಸೇರಿ, ನಾಲ್ಕು ಬಾಟಲು ಹೋದವು. ತಿಂದವರು ಸುಮ್ಮನೆ ಕುಡಿದು ಎದ್ದು ಹೋದರು. ದೂರಲೂ ಇಲ್ಲ, ಹೊಗಳಲೂ ಇಲ್ಲ.

೫

ಐದನೆಯ ಬಾಟಲು ಭೋಜರಾಜ ಎಂಬುವರ ಮೇಜಿಗೆ ಹೋಯಿತು.

ಅದೊಂದು ಶುಕ್ರವಾರ ಮಧ್ಯಾಹ್ನ. ಭೋಜರಾಜ ಹೋಟೆಲಿನ ಹಳೆಯ ಗಿರಾಕಿ, ಕಟ್ಟಡ ಕಟ್ಟಿಸುವವರು, ಜೊತೆಗೆ ಐದು ಜನ ಅತಿಥಿಗಳು. ಮೀನು ಹೇಳಿದರು. ಶಿವರಂಜನಿ ರೀಸ್ಲಿಂಗ್ ಸೂಚಿಸಿದಳು. ಸುರಿದಳು. ಅವರು ಗ್ಲಾಸನ್ನು ಮೂಗಿನ ಹತ್ತಿರ ತಂದವರು ಹಿಂದೆ ಸರಿದರು.

“ಎನ್ನಮ್ಮಾ ಇದು? ಕೃಷ್ಣಾಯಿಲ್ ವಾಸನೈ ವರುದು!”

(ಮದ್ರಾಸಿನಲ್ಲಿ ಸೀಮೆಎಣ್ಣೆಗೆ ಹಾಗನ್ನುತ್ತಾರೆ. ಕೃಷ್ಣನಿಗೂ ಅದಕ್ಕೂ ಸಂಬಂಧವಿಲ್ಲ.)

“ಆಮಾ ಸಾರ್,” ಅಂದಳು ಶಿವರಂಜನಿ. “ವಯಸ್ಸಾದ ರೀಸ್ಲಿಂಗ್ ಹಾಗೇ ಇರುತ್ತೆ. ಮೀನಿನ ಜೊತೆ ಒಂದು ಸಲ ನೋಡಿ.”

ಅತಿಥಿಗಳಲ್ಲಿ ಒಬ್ಬರು ನಕ್ಕರು. ಆ ನಗು ಭೋಜರಾಜರ ಮೇಲೆಯೋ ಅವಳ ಮೇಲೆಯೋ ಯಾರಿಗೂ ಗೊತ್ತಾಗಲಿಲ್ಲ. ಆದರೆ ಭೋಜರಾಜರ ಮುಖ ಕೆಂಪಾಯಿತು. ಅವಳ ಹಣೆಯ ಮೇಲಿನ ವಿಭೂತಿಯ ಸಣ್ಣ ಗೆರೆ ನೋಡಿ, ಮೇಜಿನವರಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಅಂದರು: “ಕುಡಿಯದ ಮನೆಯ ಹುಡುಗಿಯನ್ನು ತಂದು ಇಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತೆ? ಮ್ಯಾನೇಜರನ್ನು ಕರೀರಿ.”

ಮ್ಯಾನೇಜರ್ ಶಂಕರನಾರಾಯಣ ಬಂದರು. ಗ್ಲಾಸನ್ನು ಮೂಸುವ ಶಾಸ್ತ್ರ ಮಾಡಿದರು. ಬಾಟಲು ಕೆಟ್ಟಿದೆ, ದಯವಿಟ್ಟು ಕ್ಷಮಿಸಿ, ಊಟ ಹೋಟೆಲಿನ ಕಡೆಯಿಂದ ಎಂದರು.

“ಕೆಟ್ಟಿಲ್ಲ ಸರ್,” ಅಂದಳು ಶಿವರಂಜನಿ.

“ಶಿವರಂಜನಿ, ಒಳಗೆ ಹೋಗಿ.”

“ಹೋಗ್ತೀನಿ. ಆದ್ರೆ ಬಾಟಲು ಕೆಟ್ಟಿಲ್ಲ.”

ಸಾಯಂಕಾಲದ ಹೊತ್ತಿಗೆ ಟೈಪ್ ಮಾಡಿದ ಕಾಗದ ಬಂತು. ಅವಳು ಸಹಿ ಹಾಕಬೇಕಾದ ಮೂರೇ ಸಾಲು: ಬಾಟಲು ಕೆಟ್ಟಿತ್ತು. ನಾನು ಪರೀಕ್ಷಿಸದೆ ಬಡಿಸಿದೆ. ಅತಿಥಿಗಳ ಕ್ಷಮೆ ಕೇಳುತ್ತೇನೆ. ಅವಳು ಪೆನ್ನು ತೆಗೆದುಕೊಂಡು ಮೊದಲ ಎರಡು ಸಾಲು ಹೊಡೆದಳು. ಮೂರನೆಯದರ ಕೆಳಗೆ, ‘ವಾಸನೆಯ ಬಗ್ಗೆ ಮೊದಲೇ ಹೇಳದೇ ಇದ್ದದ್ದಕ್ಕೆ’ ಎಂದು ಸೇರಿಸಿ ಸಹಿ ಮಾಡಿದಳು. ಶಂಕರನಾರಾಯಣ ಅದನ್ನು ಸ್ವೀಕರಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡಿ ಎಂದರು. ಉಳಿದ ಏಳು ಬಾಟಲು ಅಡುಗೆಮನೆಗೆ ಹೋಗಬೇಕೆಂದು ಆರ್ಡರ್ ಆಯಿತು, ಸಾಸಿಗೆ ಸುರಿಯಲು.

“ಸಹಿ ಹಾಕಿದ್ದಿದ್ರೆ?” ಎಂದು ಕೇಳಿದೆ.

“ಪ್ರಮೋಷನ್ ಇತ್ತು ಸರ್, ಏಪ್ರಿಲ್‌ಗೆ.”

“ಮತ್ತೆ?”

“ನನಗ ಗೊತ್ತಿರೋದು ಅದೊಂದ. ಯಾವದು ಕೆಟ್ಟೈತಿ, ಯಾವದು ಕೆಟ್ಟಿಲ್ಲ. ಅದನ್ನ ಸುಳ್ಳು ಹೇಳಿದ್ರ ನನ್ನ ಹತ್ರ ಉಳಿಯೋದೇನು, ಯೂನಿಫಾರ್ಮಾ?”

೬

ಓದುಗರೇ, ವಿಚಾರಣೆಯ ದೃಶ್ಯವನ್ನು ನಾನು ಎರಡು ಥರ ಬರೆದೆ.

ಮೊದಲನೆಯದರಲ್ಲಿ ಅದೇ ಹೋಟೆಲಿನಲ್ಲಿ ಇಳಿದುಕೊಂಡಿದ್ದ ಜರ್ಮನ್ ಪ್ರೊಫೆಸರೊಬ್ಬರು ಆಕಸ್ಮಿಕವಾಗಿ ಒಳಗೆ ಬಂದು, ಗ್ಲಾಸು ಮೂಸಿ, “ಅದ್ಭುತ!” ಎನ್ನುತ್ತಾರೆ. ಎಲ್ಲರೂ ತಲೆ ತಗ್ಗಿಸುತ್ತಾರೆ.

ಶಿವರಂಜನಿ ಓದಿ ಕಾಗದವನ್ನು ನನ್ನ ಕಡೆ ತಳ್ಳಿದಳು. “ಬಿಳೇರು ಬಂದು ಸರ್ಟಿಫಿಕೇಟ್ ಕೊಟ್ರ ಮಾತ್ರ ನನ್ನ ಮೂಗು ಮೂಗೇನ್ರಿ?”

ಎರಡನೆಯದರಲ್ಲಿ ಕೊಟ್ರಪ್ಪನವರು ಬರುತ್ತಾರೆ. ಮಗಳ ಮಾನಕ್ಕಾಗಿ ಗ್ಲಾಸನ್ನೆತ್ತಿ ಒಂದು ಗುಟುಕು ಕುಡಿಯುತ್ತಾರೆ. ಇಬ್ಬರೂ ಅಳುತ್ತಾರೆ. ಬರೆಯುವಾಗ ನಾನೂ ಅತ್ತಿದ್ದೆ.

ಇದನ್ನು ಓದಿದಾಗ ಅವಳಿಗೆ ನಿಜವಾಗಿ ಸಿಟ್ಟು ಬಂತು. “ನಮ್ಮಪ್ಪನ ಬಾಯಿಗೆ ವೈನ್ ಹಾಕಬ್ಯಾಡ್ರಿ. ಆತ ಜೀವ ಹೋದ್ರೂ ಮುಟ್ಟೋದಿಲ್ಲ. ನಿಮಗ ಅಳು ಬರ್ಲಿ ಅಂತ ಆತ ಯಾಕ ಸೋಲಬೇಕು?”

“ಆದ್ರೆ ಅವರು ಬಂದಿದ್ದು ನಿಜ ತಾನೇ?”

ಅವಳು ಕಾಫಿಯ ನೊರೆಯನ್ನು ಬೆರಳಿನಿಂದ ಒರೆಸಿದಳು. “ಬಂದಿದ್ದು ನಿಜ,” ಅಂದಳು.

೭

ನಡೆದದ್ದು ಇಷ್ಟು.

ಸುವರ್ಣಮ್ಮನವರು ಭಾನುವಾರ ಗಂಡನಿಗೆ ಎಲ್ಲ ಹೇಳಿದರು. ಕೊಟ್ರಪ್ಪನವರು ಮಂಗಳವಾರ ಬೆಳಿಗ್ಗೆ ಮಂಡಿಯಿಂದ ನೇರವಾಗಿ, ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ಮೈಯೆಲ್ಲ ನಿಂಬೆಯ ವಾಸನೆ, ಹೋಟೆಲಿನ ಹಿಂಬಾಗಿಲಿಗೆ ಬಂದು ನಿಂತರು. ಹಿಂಬಾಗಿಲಿನ ಕಾವಲಿನವನಿಗೆ ಅವರ ಪರಿಚಯವಿತ್ತು. ಹತ್ತು ವರ್ಷದಿಂದ ಆ ಹೋಟೆಲಿನ ನಿಂಬೆಹಣ್ಣು ಅವರ ಮಂಡಿಯದೇ. ಮ್ಯಾನೇಜರ್ ರೂಮು ಎಲ್ಲಿ ಎಂದು ಕೇಳಿಕೊಂಡು ಒಳಗೆ ಬಂದುಬಿಟ್ಟರು.

ವಿಚಾರಣೆಗೆ ಕೂತಿದ್ದ ಶಿವರಂಜನಿ ಗಾಬರಿಯಿಂದ ಎದ್ದು ನಿಂತಳು. ಒಂದೂವರೆ ವರ್ಷದ ಮೇಲೆ ಅಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು: “ನೀವ್ಯಾಕ ಬಂದ್ರಿ?”

“ನಿನಗಂತ ಬಂದಿಲ್ಲ,” ಅಂದರು ಕೊಟ್ರಪ್ಪ.

ಶಂಕರನಾರಾಯಣ ಕುರ್ಚಿ ತೋರಿಸಿದರು. ಕೊಟ್ರಪ್ಪ ಕೂರಲಿಲ್ಲ. ಅವರ ತಮಿಳು ಮೂವತ್ತೈದು ವರ್ಷದ ಮಾರುಕಟ್ಟೆ ತಮಿಳು, ಅದರಲ್ಲಿ ಅರ್ಧ ಕೊಟ್ಟೂರು. ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

“ಯಾವ ಬಾಟ್ಲಿ ಕೆಟ್ಟೈತಿ ಅಂತೀರಿ, ಅದನ್ನ ತರಸ್ರಿ.”

“ಯಜಮಾನರೇ, ಇದು ಹೋಟೆಲಿನ ಒಳಗಿನ ವಿಷಯ...”

“ಮೂಸತೀನಿ ಅಷ್ಟ. ಮುಟ್ಟಂಗಿಲ್ಲ.”

ಬಾಟಲು ಮೇಜಿನ ಮೇಲೇ ಇತ್ತು, ಸಾಕ್ಷಿಗೆಂದು ಇಟ್ಟದ್ದು. ತೆರೆದಿಟ್ಟ ಐದನೆಯದು ನಾಲ್ಕು ದಿನದಲ್ಲಿ ಹಾಳಾಗಿರುತ್ತದೆಂದು, ಅದೇ ಪೆಟ್ಟಿಗೆಯಿಂದ ಅಂದೇ ಹೊಸದಾಗಿ ತೆರೆದ ಆರನೆಯದು. ಶಂಕರನಾರಾಯಣ, ಬೇಗ ಮುಗಿಯಲಿ ಎಂದಿರಬೇಕು, ಗ್ಲಾಸಿಗೆ ಸ್ವಲ್ಪ ಸುರಿದರು. ಕೊಟ್ರಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೇಜಿನ ಮೇಲೆ ಬಾಗಿ, ಗ್ಲಾಸಿಗೆ ಅಂಗುಲದಷ್ಟು ದೂರದಲ್ಲಿ ಮೂಗು ಇಟ್ಟು, ಕಣ್ಣು ಮುಚ್ಚಿದರು. ತುಂಬ ಹೊತ್ತು ಹಾಗೇ ಇದ್ದರು. ಶಿವರಂಜನಿ ಅವರ ಬೋಳು ನೆತ್ತಿಯನ್ನೇ ನೋಡುತ್ತಿದ್ದಳು.

“ನಿಂಬಿ ಐತಿ,” ಅಂದರು ಕಣ್ಣು ಬಿಡದೆ. “ಸೀಮೆಎಣ್ಣಿನೂ ಐತಿ.” ನೆಟ್ಟಗಾದರು. “ಕೊಳತಿಲ್ಲ.”

“ಸಾರ್, ಇದು ನಿಂಬೆಹಣ್ಣಲ್ಲ...”

“ಕೊಳತದ್ದರ ವಾಸನಿ ಒಂದ ಇರತೈತ್ರಿ, ಯಾವದರ ಕೊಳೀಲಿ. ಇದು ಹೆಂಡ. ನನ್ನ ಮನಿಗೆ ಬ್ಯಾಡ, ನನ್ನ ಮಗಳಿಗೂ ಬ್ಯಾಡ. ಆದ್ರ ಕೊಳತಿಲ್ಲ. ಚೊಲೊ ಇದ್ದದ್ದನ್ನ ಕೊಳತೈತಿ ಅಂತ ಬರಕೊಡು ಅಂದ್ರ ಹೆಂಗ? ನಾಳೆ ನನ್ನ ಮಾಲಿಗೂ ಹಂಗ ಅಂತೀರಿ.”

ಶಂಕರನಾರಾಯಣ ಕೆಟ್ಟ ಮನುಷ್ಯನಲ್ಲ. (ಎರಡು ಡ್ರಾಫ್ಟಿನಲ್ಲಿ ಅವರನ್ನು ಕೆಟ್ಟವರನ್ನಾಗಿ ಮಾಡಲು ಪ್ರಯತ್ನಿಸಿ ಸೋತೆ.) ಅವರು ಸುಸ್ತಾದ ದನಿಯಲ್ಲಿ ಶಿವರಂಜನಿಗೆ ಹೇಳಿದರು: “ಸಹಿ ಬೇಡ, ಬಿಡಿ. ವೈನ್ ಬಿಟ್ಟು ಕಾಫಿ ಶಾಪಿಗೆ ಹೋಗಿ. ಸಂಬಳ ಅದೇ. ಅಪ್ಪನಿಗೂ ಸಮಾಧಾನ.”

ಮ್ಯಾನೇಜರ್ ಅವಳ ಕಡೆ ನೋಡಿದರು, ಅಪ್ಪನೂ. ಅಪ್ಪನಿಗೆ ಅದು ಬೇಕಾಗಿತ್ತು. ಅವರ ಮುಖದಲ್ಲಿ ಅದು ಕಾಣುತ್ತಿತ್ತು ಎಂದಳು.

“ಹೋಗಲ್ಲ ಸರ್,” ಅಂದಳು ಶಿವರಂಜನಿ. “ಬಾಟಲು ಚೆನ್ನಾಗಿದೆ ಅಂದ್ರೆ ಅದನ್ನ ಕೊಟ್ಟವಳು ಯಾಕೆ ಬೇರೆ ಕಡೆ ಹೋಗಬೇಕು?”

ರಾಜೀನಾಮೆಯನ್ನು ಅಲ್ಲೇ ಬರೆದುಕೊಟ್ಟಳು. ಕೊಟ್ರಪ್ಪನವರು ಹೊರಡುವ ಮೊದಲು ಮ್ಯಾನೇಜರಿಗೆ ಕೈ ಮುಗಿದು, “ನಾಳಿಂದ ನಿಂಬಿ ಬ್ಯಾರೆ ಕಡೆ ನೋಡ್ಕೊಳ್ರಿ,” ಎಂದರು.

ಅಪ್ಪ ಮಗಳು ಹಿಂಬಾಗಿಲಿನಿಂದ ಬೀದಿಗೆ ಬಂದರು. ಉರಿಬಿಸಿಲು. ಸ್ವಲ್ಪ ದೂರ ನಡೆದರು.

“ನಾ ಒಪ್ಪಿಲ್ಲ,” ಅಂದರು ಕೊಟ್ರಪ್ಪ.

“ಒಪ್ಪಬ್ಯಾಡ್ರಿ,” ಅಂದಳು ಶಿವರಂಜನಿ.

ಕೊಟ್ರಪ್ಪ ಕೈ ಎತ್ತಿ ಒಂದು ಆಟೋ ನಿಲ್ಲಿಸಿದರು. ಅವಳು ಹತ್ತಿದ ಮೇಲೆ ತಾವೂ ಹತ್ತಿದರು.

೮

ಇಲ್ಲಿ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆಟೋ ಹೋಗುತ್ತದೆ, ಧೂಳು ಏಳುತ್ತದೆ, ಲೇಖಕ ಪೆನ್ನಿಗೆ ಮುಚ್ಚಳ ಹಾಕುತ್ತಾನೆ. ಅದನ್ನೇ ಹೇಳಿದೆ.

“ಆಮ್ಯಾಲಿನ ಎಂಟು ತಿಂಗಳು ನಾ ಕೆಲಸ ಇಲ್ಲದ ಮನ್ಯಾಗ ಕುಂತಿದ್ನಲ್ಲ, ಅದು?” ಅಂದಳು. “ನಗರದಾಗ ಯಾವ ಹೋಟ್ಲಿಗೆ ಹೋದ್ರೂ, ಓ, ಕೃಷ್ಣಾಯಿಲ್ ಅಮ್ಮಾವಾ ಅಂತ ನಗ್ತಿದ್ರಲ್ಲ, ಅದು? ಅದೆಲ್ಲ ಆಟೋದ ಹಿಂದ ಧೂಳಾಗ ಮುಚ್ಚಿಬಿಡಾಣೇನು?”

ಹಾಗಾಗಿ ಬರೆಯುತ್ತಿದ್ದೇನೆ. ಎಂಟು ತಿಂಗಳು. ಆಮೇಲೆ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಸಮುದ್ರದ ಕಡೆಗೆ ಮುಖ ಮಾಡಿದ ಒಂದು ಸಣ್ಣ ರೆಸಾರ್ಟ್ ಶುರುವಾಯಿತು. ಅದರ ಒಡತಿ ಜಲಜಾ ಎಂಬುವರು, ಆ ಅಡ್ಡಹೆಸರು ಕೇಳಿಯೇ ಅವಳನ್ನು ಹುಡುಕಿಕೊಂಡು ಬಂದರಂತೆ. ಶಿವರಂಜನಿ ಒಂದೇ ಷರತ್ತು ಹಾಕಿದಳು: ವೈನಿನ ಪಟ್ಟಿ ನಾನೇ ಬರೆಯುತ್ತೇನೆ, ಯಾರೂ ತಿದ್ದಬಾರದು.

ಮೊನ್ನೆ, ಎರಡು ಸಾವಿರದ ಏಳರ ಆಗಸ್ಟಿನಲ್ಲಿ, ರೆಸಾರ್ಟಿಗೆ ಹೋಗಿ ಆ ಪಟ್ಟಿಯನ್ನು ನಾನೇ ನೋಡಿದೆ. ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತಂದರೆ ಹೀಗೆ: ‘ಒಣ ರೀಸ್ಲಿಂಗ್, ಮೊಸೆಲ್. ಸಿಹಿ ಇಲ್ಲ. ತುಂಬ ಹುಳಿ. ಸೀಮೆಎಣ್ಣೆಯ ವಾಸನೆ ಬರುತ್ತದೆ. ಬಂದರೆ ಅದು ಸರಿಯಾಗಿದೆ ಎಂದರ್ಥ. ಇಷ್ಟವಾಗದಿದ್ದರೆ ಬೇರೆ ತೆಗೆದುಕೊಳ್ಳಿ, ವಾಪಸು ಕಳಿಸಬೇಡಿ.’

“ಯಾರಾದ್ರೂ ತಗೋತಾರಾ?”

“ಕಮ್ಮಿ,” ಅಂದಳು. “ತಗೊಂಡೋರು ಮತ್ತ ಬರ್ತಾರ.”

೯

ಈಗ ಒಂದು ತಪ್ಪೊಪ್ಪಿಗೆ. ನಲವತ್ತು ಪುಟ ಡ್ರಾಫ್ಟ್ ಮಾಡಿದ ಮೇಲೂ ನಾನು ರೀಸ್ಲಿಂಗ್ ಕುಡಿದಿರಲಿಲ್ಲ. ಅವತ್ತು ಮಧ್ಯಾಹ್ನ ಅವಳು ಒಂದು ಗ್ಲಾಸಿನ ತಳಕ್ಕೆ ಎರಡು ಬೆರಳಿನಷ್ಟು ಸುರಿದು ನನ್ನ ಮುಂದೆ ಇಟ್ಟಳು. ಕುಡಿದೆ. ಮುಖ ಕಿವಿಚಿಕೊಂಡೆ. ಕೆನ್ನೆಗಳೆರಡೂ ಒಳಗೆ ಹೋಗಿ ಒಂದನ್ನೊಂದು ಮುಟ್ಟಿದ ಹಾಗಾಯಿತು.

“ಹೆಂಗೈತಿ?”

ವಿಮರ್ಶಕನಂತೆ ಏನಾದರೂ ಹೇಳೋಣವೆಂದು ಬಾಯಿ ತೆರೆದೆ. “ಗೊತ್ತಾಗ್ತಿಲ್ಲ,” ಅಂದೆ.

ಅವಳು ಜೋರಾಗಿ ನಕ್ಕಳು. “ಚೊಲೊ ಆತು. ಹಂಗ ಬರೀರಿ.”

ಕಥೆ ಮುಗಿಸಲು ನನಗೆ ಒಂದೇ ಒಂದು ಸಂಗತಿ ಬೇಕಿತ್ತು. ಕೇಳಿಯೇ ಬಿಟ್ಟೆ. “ಅಪ್ಪಾಜಿ ಈಗ ಮಾತಾಡ್ತಾರಾ?”

“ಮಾತಾಡ್ತಾರ.”

“ಒಪ್ಪಿದ್ದಾರಾ?”

“ಇಲ್ಲ.”

ಪೆನ್ನು ಹಿಡಿದು ಕಾದೆ. ಅವಳು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಪ್ರತಿ ಸೋಮವಾರ ನನಗ ರಜಾ,” ಅಂದಳು. “ಮನಿಗೆ ಹೋಗ್ತೀನಿ. ಊಟಕ್ಕ ಕುಂತ ಕೂಡ್ಲೇ, ಆ ಕೆಲಸ ಬಿಡು ಅಂತಾರ. ಬಿಡಂಗಿಲ್ಲ ಅಂತೀನಿ. ಯಾಕ ಬಿಡಂಗಿಲ್ಲ ಅಂತಾರ. ಹೇಳ್ತೀನಿ. ಅವರು ಬೈತಾರ, ನಾನೂ ಬಿಡಂಗಿಲ್ಲ. ಅವ್ವ ಚಪಾತಿ ಹಾಕ್ಕೊಂತ ಇರತಾಳ. ಮೂರು ಗಂಟಿ ಆಗತೈತಿ.”

“ಇದು ಮುಗಿಯೋದು ಯಾವಾಗ?”

“ಯಾಕ ಮುಗೀಬೇಕ್ರಿ?” ಶಿವರಂಜನಿ ನನ್ನನ್ನು ಆಶ್ಚರ್ಯದಿಂದ ನೋಡಿದಳು. “ಮುಗಿದ್ರ ನಾವಿಬ್ರೂ ಕುಂತು ಮಾತಾಡಾಕ ಏನೈತಿ?”

ಆ ಹೊತ್ತಿಗೆ ಹೊರಗಿನ ಮೇಜಿಗೆ ಯಾರೋ ಬಂದರು. ಅವಳು ಪಟ್ಟಿ ಎತ್ತಿಕೊಂಡು ಹೋದಳು. ಕಥೆಯ ಕೊನೆಯ ವಾಕ್ಯವನ್ನು ನಾನು ಬೆಳಿಗ್ಗೆಯೇ ಲಾಡ್ಜಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದೆ. ಅದು ‘ಅಂತೂ ಕೊನೆಗೆ’ ಎಂದು ಶುರುವಾಗುತ್ತಿತ್ತು. ನೋಟ್‌ಬುಕ್ಕಿನಿಂದ ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ. ತಿರುವಾನ್ಮಿಯೂರು ದಾಟಿದರೂ ನಾಲಿಗೆಯ ಎರಡೂ ಬದಿ ಹಿಡಿದೇ ಇತ್ತು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಬಾಯಿ ತುಂಬ ನೀರೂರುತ್ತಿತ್ತು.